ಇವತ್ತಿನ ಹಾಲೆಷ್ಟು?

ನಮ್ಮೂರ ಬಸ್‌ಸ್ಟಾಪಿನಲ್ಲಿ ಒಮ್ಮೆ ನನ್ನದೊಂದು ಫ್ಲೆಕ್ಸ್ ಕಟ್ಟಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಶೇ 94 ಬಂದ ವರ್ಷ ಅದು. ಎರಡು ಜಡೆ, ಗಾಬರಿಬಿದ್ದ ಮುಖ, ಕೆಳಗೆ ‘ನಮ್ಮೂರ ಹೆಮ್ಮೆಯ ಮಗಳು’ ಎಂಬ ದಪ್ಪ ಅಕ್ಷರ. ಸುತ್ತಲೂ ಶುಭ ಕೋರುವವರ ಹದಿನಾಲ್ಕು ಪುಟ್ಟ ಫೋಟೊಗಳು. ಮಳೆಗಾಲ ಬಂದಾಗ ಅಪ್ಪ ಆ ಫ್ಲೆಕ್ಸನ್ನು ಬಿಚ್ಚಿ ತಂದು ಕೊಟ್ಟಿಗೆಯ ಮೇಲೆ ಹೊದಿಸಿದರು. ಈಗಲೂ ಊರಿಗೆ ಹೋದಾಗ ಹಸುಗಳ ತಲೆಯ ಮೇಲಿಂದ ನನ್ನದೇ ಮುಖ ನನ್ನನ್ನು ನೋಡುತ್ತಿರುತ್ತದೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಒಂದಿಷ್ಟು ತೆಂಗಿನ ಗಿಡ, ಎರಡು ಸೀಮೆಹಸು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಪಿಯುಸಿ ಸೈನ್ಸ್ ಮುಗಿಸಿ, ಸಿಇಟಿ ಬರೆದು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ವಿಭಾಗದಲ್ಲಿ ಬಿಇ ಸೇರಿದೆ. ಮೊದಲ ಎರಡು ಸೆಮಿಸ್ಟರ್ ಹೇಗೋ ದಾಟಿದವು. ಮೂರನೇ ಸೆಮಿಸ್ಟರ್‌ನ ಫಲಿತಾಂಶ ಬಂದ ದಿನ ಹಾಸ್ಟೆಲ್ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಯುಎಸ್‌ಎನ್ ಹಾಕಿದೆ. ಗಣಿತದ ಮುಂದೆ ‘ಎಫ್’. ಕೆಳಗೆ ಬಂದೆ, ನೆಟ್‌ವರ್ಕ್ ಅನಾಲಿಸಿಸ್ ಮುಂದೆ ‘ಎಫ್’. ಇನ್ನೂ ಕೆಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ಸ್, ಅದರ ಮುಂದೆಯೂ ‘ಎಫ್’.

ಪೇಜನ್ನು ಮೂರು ಸಲ ರಿಫ್ರೆಶ್ ಮಾಡಿದೆ. ಅಕ್ಷರ ಬದಲಾಗಲಿಲ್ಲ. ಅಷ್ಟರಲ್ಲಿ ಗೆಳತಿಯರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳು ಬರತೊಡಗಿದವು. ‘ಆಲ್ ಕ್ಲಿಯರ್’, ‘ಎಂಟೂವರೆ ಎಸ್‌ಜಿಪಿಎ’, ಕೇಕಿನ ಚಿತ್ರ. ಸಂಜೆ ಅಪ್ಪ ಫೋನ್ ಮಾಡಿ, ‘ರಿಸಲ್ಟ್ ಬಂತಾ ಪುಟ್ಟಿ?’ ಅಂದರು. ‘ಇನ್ನೂ ಇಲ್ಲಪ್ಪ, ಲೇಟಾಗುತ್ತಂತೆ’ ಅಂದುಬಿಟ್ಟೆ. ಅಪ್ಪನಿಗೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಆಮೇಲೆ ಅದನ್ನು ಉಳಿಸಿಕೊಳ್ಳಲು ವಾರಕ್ಕೊಂದು ಹೊಸ ಸುಳ್ಳು ಬೇಕಾಯಿತು.

ದೊಡ್ಡ ಶಪಥ, ದೊಡ್ಡ ಸೋಲು

ಫೇಲಾದವರಿಗೆ ಮಾತ್ರ ಗೊತ್ತಿರುವ ಒಂದು ವಿಷಯವಿದೆ. ಮಾರ್ಕ್ಸ್ ಹೋಗಿದ್ದಕ್ಕಿಂತ ಹೆಚ್ಚು ನೋವಾಗುವುದು, ‘ನನ್ನ ಕೈಲಿ ಆಗುತ್ತೆ’ ಎಂಬ ಭಾವನೆ ಹೋದದ್ದಕ್ಕೆ. ಮೊದಲು ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ತಪ್ಪಾದರೂ ಉತ್ತರ ಹೇಳುತ್ತಿದ್ದವಳು, ಫಲಿತಾಂಶದ ನಂತರ ಕೊನೆಯ ಬೆಂಚಿಗೆ ಸರಿದೆ. ಕ್ಯಾಂಟೀನಿನಲ್ಲಿ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರೇನೋ ಅನ್ನಿಸುತ್ತಿತ್ತು. ಗಣಿತದ ಪುಸ್ತಕ ತೆರೆದರೆ ಹೊಟ್ಟೆಯಲ್ಲಿ ತಳಮಳ. ಮುಚ್ಚಿಟ್ಟು ಫೋನ್ ಹಿಡಿದರೆ ಎರಡು ತಾಸು ಹೋದದ್ದೇ ತಿಳಿಯುತ್ತಿರಲಿಲ್ಲ.

ಆ ಫೋನಿನಲ್ಲಿ ನಾನು ನೋಡುತ್ತಿದ್ದದ್ದು ಏನು ಗೊತ್ತೇ? ಸ್ಫೂರ್ತಿ ತುಂಬುವ ವಿಡಿಯೊಗಳು! ಬೆಳಗಿನ ನಾಲ್ಕಕ್ಕೆ ಏಳುವವರು, ದಿನಕ್ಕೆ ಹದಿನಾಲ್ಕು ತಾಸು ಓದುವವರು, ‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಗಟ್ಟಿಯಾಗಿ ಹೇಳುವವರು. ನೋಡುವಾಗ ಮೈ ಜುಂ ಎನ್ನುತ್ತಿತ್ತು. ಒಂದು ರಾತ್ರಿ ಬಣ್ಣಬಣ್ಣದ ಸ್ಕೆಚ್ ಪೆನ್ನು ತಂದು ಟೈಮ್‌ಟೇಬಲ್ ಬರೆದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ದಿನಕ್ಕೆ ಒಂದು ಮಾಡ್ಯೂಲ್, ಹದಿನೈದು ದಿನದಲ್ಲಿ ಮೂರೂ ವಿಷಯ ಮುಗಿಸುವುದು. ಮೊದಲ ದಿನ ನಾಲ್ಕೂವರೆಗೆ ಎದ್ದೆ. ಎರಡನೇ ದಿನ ಆರಕ್ಕೆ ಎದ್ದೆ. ಮೂರನೇ ದಿನ ಅಲಾರಂ ಆಫ್ ಮಾಡಿ, ‘ನಾನು ಇದಕ್ಕೂ ಲಾಯಕ್ಕಿಲ್ಲ’ ಅಂದುಕೊಂಡು ಮಗ್ಗುಲು ಬದಲಿಸಿದೆ.

ಹೀಗೆ ಆ ತಿಂಗಳಲ್ಲಿ ನಾಲ್ಕು ಟೈಮ್‌ಟೇಬಲ್ ಬರೆದೆ, ನಾಲ್ಕನ್ನೂ ಮುರಿದೆ. ಆಗ ನನಗೆ ಹೊಳೆಯದ ಸತ್ಯ ಈಗ ಕಾಣುತ್ತದೆ. ಯೂನಿವರ್ಸಿಟಿ ನನ್ನನ್ನು ಫೇಲ್ ಮಾಡಿದ್ದು ಮೂರು ಸಲ. ಉಳಿದಷ್ಟೂ ಸಲ ನನ್ನನ್ನು ಫೇಲ್ ಮಾಡಿದ್ದು ನಾನೇ ಬರೆದ ಟೈಮ್‌ಟೇಬಲ್. ಮೊದಲೇ ಸೋತು ಕುಳಿತವಳ ಮುಂದೆ ಇನ್ನೂ ಎತ್ತರದ ಗೋಡೆ ಕಟ್ಟಿ, ಹತ್ತಲಾಗಲಿಲ್ಲವೆಂದು ಬೈಯುತ್ತಿದ್ದೆ.

‘ಮೊದಲು ಸಪ್ಲೈ ಬರ್ತಿದೆಯಾ ನೋಡು’

ತಿರುವು ಸಿಕ್ಕಿದ್ದು ಯಾವ ಭಾಷಣದಲ್ಲೂ ಅಲ್ಲ, ಲ್ಯಾಬಿನಲ್ಲಿ.

ಒಂದು ಮಧ್ಯಾಹ್ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸರ್ಕ್ಯೂಟ್ ಜೋಡಿಸುತ್ತಿದ್ದೆ. ಬ್ರೆಡ್‌ಬೋರ್ಡ್ ತುಂಬ ವೈರು, ಸಿಆರ್‌ಒ ಪರದೆಯ ಮೇಲೆ ಮಾತ್ರ ಒಂದು ಸಪ್ಪೆ ಗೆರೆ. ಅಕ್ಕಪಕ್ಕದ ಬ್ಯಾಚಿನವರಿಗೆಲ್ಲ ಚೆಂದದ ಸೈನ್ ವೇವ್ ಬಂದಿತ್ತು. ನನಗೆ ಕಣ್ಣಲ್ಲಿ ನೀರೇ ಬಂತು. ಎಲ್ಲ ವೈರು ಕಿತ್ತು ಹೊಸದಾಗಿ ಶುರುಮಾಡಲು ಹೋದೆ. ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಬಂದು ಕೈ ತಡೆದರು.

‘ಯಾಕಮ್ಮ ಕೀಳ್ತೀಯ? ಏನು ತಪ್ಪಾಗಿದೆ ಅಂತ ಗೊತ್ತಾ?’

‘ಇಲ್ಲ ಸರ್. ಏನೂ ವರ್ಕ್ ಆಗ್ತಿಲ್ಲ.’

‘ಏನೂ ಅಂದ್ರೆ? ಸಪ್ಲೈ ಬರ್ತಿದೆಯಾ? ಮೊದಲು ಅಷ್ಟು ನೋಡು.’

ಮಲ್ಟಿಮೀಟರ್ ಇಟ್ಟೆ. 12 ವೋಲ್ಟ್ ಬರುತ್ತಿತ್ತು. ‘ಹಾಗಾದ್ರೆ ಒಂದು ಸರಿ ಇದೆ. ಈಗ ಬೇಸ್ ನೋಡು’ ಅಂದರು. ಸರಿಯಿತ್ತು. ಎಮಿಟರ್‌ನಲ್ಲಿ ಅದಕ್ಕಿಂತ ಸುಮಾರು 0.7 ವೋಲ್ಟ್ ಕಡಿಮೆ, ಇರಬೇಕಾದ್ದೇ ಹಾಗೆ. ಕಲೆಕ್ಟರ್ ಸರಿ. ಸಿಆರ್‌ಒ ಪ್ರೋಬನ್ನು ಕಲೆಕ್ಟರ್‌ಗೆ ಹಿಡಿದಾಗ ಪರದೆಯ ಮೇಲೆ ದೊಡ್ಡ ಅಲೆ ಎದ್ದಿತು! ಸಿಗ್ನಲ್ ಅಲ್ಲಿಯವರೆಗೆ ಬಂದೇ ಇತ್ತು. ಔಟ್‌ಪುಟ್ ಕಡೆಯ ಕೆಪ್ಯಾಸಿಟರಿನ ಒಂದು ಕಾಲು ಪಕ್ಕದ ಸಾಲಿನ ತೂತಿನಲ್ಲಿ ಕೂತಿತ್ತು. ಅಷ್ಟೇ. ಎತ್ತಿ ಸರಿಯಾದ ಜಾಗಕ್ಕೆ ಹಾಕಿದೆ, ಸರ್ಕ್ಯೂಟ್ ಕೆಲಸ ಮಾಡಿತು.

ಸರ್ ಮುಂದಿನ ಟೇಬಲ್ಲಿಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ‘ಏನೂ ವರ್ಕ್ ಆಗ್ತಿಲ್ಲ’ ಅಂದಿದ್ದೆನಲ್ಲ, ಅದು ಸುಳ್ಳಾಗಿತ್ತು. ಐದರಲ್ಲಿ ನಾಲ್ಕು ಕಡೆ ಎಲ್ಲ ಸರಿಯಿತ್ತು. ಒಂದೊಂದೇ ಕಡೆ ‘ಇದು ಸರಿ’ ಎಂದು ಖಚಿತ ಮಾಡಿಕೊಂಡದ್ದರಿಂದಲೇ ತಪ್ಪು ಎಲ್ಲಿದೆಯೆಂದು ಗೊತ್ತಾಯಿತು. ನನ್ನ ಓದನ್ನೂ ಹೀಗೆ ನೋಡಬಹುದಲ್ಲ ಅನ್ನಿಸಿತು.

ಅಂದು ರಾತ್ರಿ ಗಣಿತದ ಪುಸ್ತಕ ತೆಗೆದೆ. ಮಾಡ್ಯೂಲ್ ಮುಗಿಸುವ ಶಪಥ ಮಾಡಲಿಲ್ಲ. ಫೋರಿಯರ್ ಸರಣಿಯ ಒಂದೇ ಲೆಕ್ಕ, ಅದರಲ್ಲೂ ಮೊದಲ ಮೆಟ್ಟಿಲು ಮಾತ್ರ. ಕೊಟ್ಟಿರುವುದು ಆಡ್ ಫಂಕ್ಷನ್ನೋ ಈವನ್ನೋ? ಆಡ್. ಹಾಗಾದರೆ ‘ಎ ನಾಟ್’ ಸೊನ್ನೆ. ಸರಿ. ‘ಎ ಎನ್’ ಕೂಡ ಸೊನ್ನೆ. ಸರಿ. ಉಳಿದದ್ದು ‘ಬಿ ಎನ್’. ಸೂತ್ರ ಬರೆದೆ, ಸರಿ. ಇಂಟಿಗ್ರೇಷನ್ ಬೈ ಪಾರ್ಟ್ಸ್ ಹತ್ತಿರ ಬಂದಾಗ ಕೈ ನಿಂತಿತು. ಅಲ್ಲಿತ್ತು ನನ್ನ ಕೆಪ್ಯಾಸಿಟರಿನ ಕಾಲು! ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೊಂದಿಕೊಳ್ಳುವ ಗಡಿಬಿಡಿಯಲ್ಲಿ ಇಂಟಿಗ್ರೇಷನ್ನನ್ನು ಅರ್ಥ ಮಾಡಿಕೊಳ್ಳದೆ ಉರು ಹೊಡೆದಿದ್ದೆ. ಎರಡು ವರ್ಷದಿಂದ ‘ನನಗೆ ಗಣಿತ ಬರಲ್ಲ’ ಅಂದುಕೊಂಡಿದ್ದವಳಿಗೆ ಬಾರದೆ ಇದ್ದದ್ದು ಇಡೀ ಗಣಿತವಲ್ಲ, ಆ ಒಂದು ಪಾಠ. ‘ಗಣಿತ ಬರಲ್ಲ’ ಅಂದರೆ ಮಾಡಲು ಏನೂ ಇಲ್ಲ. ‘ಆ ಒಂದು ಪಾಠ ಬರಲ್ಲ’ ಅಂದರೆ ನಾಳೆ ಬೆಳಗ್ಗೆ ಮಾಡಲು ಒಂದು ಕೆಲಸವಿದೆ.

ಅಮ್ಮನ ಪುಸ್ತಕ

ಆ ವಾರದ ಕೊನೆಗೆ ಊರಿಗೆ ಹೋದೆ. ಸುಳ್ಳು ಇನ್ನೂ ಹಾಗೇ ಇತ್ತು. ಬೆಳಗ್ಗೆ ಅಮ್ಮನ ಜೊತೆ ಡೇರಿಗೆ ಹೋದಾಗ ಅವರ ಕೈಲಿದ್ದ ಹಾಲಿನ ಪುಸ್ತಕ ನೋಡಿದೆ. ಚಿಕ್ಕಂದಿನಿಂದ ನೋಡುತ್ತಿರುವ ಪುಸ್ತಕವೇ. ತಾರೀಖು, ಬೆಳಗ್ಗೆ, ಸಂಜೆ, ಎಷ್ಟು ಲೀಟರು, ಎಷ್ಟು ಫ್ಯಾಟು. ದಿನಕ್ಕೆ ಎರಡು ಸಲ ಬರೆಸುತ್ತಾರೆ. ಒಂದು ದಿನ ನಾಲ್ಕೂವರೆ ಲೀಟರು, ಇನ್ನೊಂದು ದಿನ ನಾಲ್ಕು, ಮತ್ತೊಂದು ದಿನ ಮೂರೂಮುಕ್ಕಾಲು. ಬಟವಾಡೆಯ ದಿನ ಅವನ್ನೆಲ್ಲ ಕೂಡಿ ದುಡ್ಡು ಕೊಡುತ್ತಾರೆ. ನನ್ನ ಹಾಸ್ಟೆಲ್ ಫೀಸು ಬರುವುದು ಆ ಮೂರೂಮುಕ್ಕಾಲು, ನಾಲ್ಕೂವರೆಗಳಿಂದಲೇ.

ನಡುವೆ ಒಂದು ವಾರ ಬರೀ ಅಡ್ಡಗೆರೆ ಇತ್ತು. ‘ಇದೇನಮ್ಮ?’ ಅಂದೆ.

‘ಕೆಂದಹಸಕ್ಕೆ ಕೆಚ್ಚಲು ಬಾವು ಬಂದಿತ್ತಲ್ಲ, ಆಗ. ಹಾಲು ಹಾಕಲಿಲ್ಲ.’

‘ಬೇಜಾರಾಗಲಿಲ್ವಾ?’

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. ‘ಹಾಲು ಕೊಡಲಿಲ್ಲ ಅಂತ ಹುಲ್ಲು ಹಾಕೋದು ಬಿಡ್ತಾರೇನೆ?’

ಹಾಸ್ಟೆಲ್ಲಿಗೆ ವಾಪಸಾದ ದಿನ ಹತ್ತು ರೂಪಾಯಿಯ ಒಂದು ಚಿಕ್ಕ ನೋಟ್‌ಬುಕ್ ಕೊಂಡೆ. ಅಮ್ಮನ ಪುಸ್ತಕದ ಹಾಗೆಯೇ ಗೆರೆ ಎಳೆದೆ. ತಾರೀಖು, ಮತ್ತು ಅದರ ಮುಂದೆ ಆ ದಿನ ಗೆದ್ದ ಒಂದು ಸಂಗತಿ. ನಾಳೆ ಏನು ಮಾಡುತ್ತೇನೆಂದು ಅಲ್ಲಿ ಬರೆಯುವಂತಿಲ್ಲ, ಮಾಡಿ ಮುಗಿಸಿದ್ದು ಮಾತ್ರ. ಡೇರಿಯಲ್ಲಿ ನಾಳೆಯ ಹಾಲನ್ನು ಯಾರಾದರೂ ಇಂದು ಬರೆದುಕೊಳ್ಳುತ್ತಾರೆಯೇ?

ಮೊದಲ ಪುಟದಲ್ಲಿ ಹೀಗಿದೆ: ‘ಇಂಟಿಗ್ರೇಷನ್ ಬೈ ಪಾರ್ಟ್ಸ್, ಎರಡು ಲೆಕ್ಕ, ಪುಸ್ತಕ ನೋಡದೆ.’ ಮರುದಿನ: ‘ಕ್ಲಾಸಿನಲ್ಲಿ ಒಂದು ಡೌಟ್ ಕೇಳಿದೆ.’ ಅದರ ಮರುದಿನ: ‘ಥೆವೆನಿನ್ ಥಿಯರಂ ಒಂದು ಸರ್ಕ್ಯೂಟ್, ಉತ್ತರ ಸರಿ ಬಂತು.’ ಓದಿದರೆ ನಗು ಬರಬಹುದು. ಎಂಜಿನಿಯರಿಂಗ್ ಓದುವವಳು ಡೌಟ್ ಕೇಳಿದ್ದನ್ನು ಗೆಲುವು ಎಂದು ಬರೆದುಕೊಳ್ಳುವುದೇ? ಆದರೆ ಎರಡು ತಿಂಗಳು ಬಾಯಿ ಬಿಡದೆ ಕೂತವಳಿಗೆ ಎದ್ದು ನಿಂತು ‘ಸರ್, ಆ ಸ್ಟೆಪ್ ಇನ್ನೊಂದ್ಸಲ’ ಅನ್ನುವುದು ಸಣ್ಣ ಕೆಲಸವಾಗಿರಲಿಲ್ಲ.

ರೂಮ್‌ಮೇಟ್‌ಗೆ ಈ ಪುಸ್ತಕದ ಕತೆ ಹೇಳಿದ್ದೆ. ಅವಳು ದಿನಾ ರಾತ್ರಿ ಲೈಟ್ ಆರಿಸುವ ಮೊದಲು, ‘ಇವತ್ತಿನ ಹಾಲೆಷ್ಟು?’ ಎಂದು ಕೇಳತೊಡಗಿದಳು. ತಮಾಷೆಗೆ ಶುರುವಾದದ್ದು ಅಭ್ಯಾಸವಾಯಿತು. ನಮ್ಮ ಸಂಭ್ರಮವೆಂದರೆ ಇಷ್ಟೇ. ಒಬ್ಬರಿಗೆ ಬಾಯಿಬಿಟ್ಟು ಹೇಳುವುದು, ಅವಳು ‘ಪರವಾಗಿಲ್ಲ ಕಣೆ!’ ಅನ್ನುವುದು, ಪುಸ್ತಕದಲ್ಲಿ ಒಂದು ಹಸಿರು ರೈಟ್ ಮಾರ್ಕ್. ಹತ್ತು ಮಾರ್ಕ್ ಆದರೆ ಇಬ್ಬರಿಗೂ ಕ್ಯಾಂಟೀನಿನಲ್ಲಿ ಸೆಟ್ ದೋಸೆ. ಗೆಲುವನ್ನು ನಾವಿಬ್ಬರೂ ಕಣ್ಣಿಟ್ಟು ನೋಡಿದ್ದೇವೆ ಎನ್ನುವುದೇ ಅದರಲ್ಲಿ ಮುಖ್ಯ.

ಮೋಸವನ್ನೂ ಮಾಡಿದ್ದೇನೆ. ಒಂದು ವಾರ ಪೂರ್ತಿ ನೋಟ್ಸನ್ನು ದುಂಡು ಅಕ್ಷರದಲ್ಲಿ ಕಾಪಿ ಮಾಡಿ ಏಳು ಗೆಲುವು ಬರೆದುಕೊಂಡೆ. ಎಂಟನೇ ದಿನ ಅದೇ ಲೆಕ್ಕವನ್ನು ಬಿಳಿ ಹಾಳೆಯ ಮೇಲೆ ಮಾಡಲು ಕೂತರೆ ಒಂದೂ ಬರಲಿಲ್ಲ. ನೀರು ಬೆರೆಸಿದ ಹಾಲು ಅದು, ಫ್ಯಾಟ್ ನೋಡಿದಾಗ ಗೊತ್ತಾಗಿಯೇ ತೀರುತ್ತದೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಮರುದಿನ ಪುಸ್ತಕ ಮುಚ್ಚಿ ಇನ್ನೊಮ್ಮೆ ಮಾಡಲು ಬಂದರೆ ಮಾತ್ರ ಹಸಿರು ಮಾರ್ಕ್. ಟೈಮ್‌ಟೇಬಲ್ ಬರೆದದ್ದು, ವಿಡಿಯೊ ನೋಡಿದ್ದು, ಸಾಲುಗಳಿಗೆ ಬಣ್ಣ ಬಳಿದದ್ದು ಯಾವುದೂ ಲೆಕ್ಕಕ್ಕಿಲ್ಲ.

ಸಿಡ್ನಿಯ ಆ ಒಂದು ರನ್

ಈ ಪುಟ್ಟ ಲೆಕ್ಕ ಯಾಕೆ ಕೆಲಸ ಮಾಡುತ್ತದೆ ಎಂಬ ಕುತೂಹಲದಿಂದ ಲೈಬ್ರರಿಯಲ್ಲಿ ಸ್ವಲ್ಪ ಹುಡುಕಿದೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ‘ಇದು ನನ್ನಿಂದ ಸಾಧ್ಯ’ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅನ್ನುತ್ತಾರೆ ಅವರು. ನಾವೇ ಮಾಡಿ ಗೆದ್ದ ಅನುಭವ, ನಮ್ಮಂಥವರು ಗೆದ್ದದ್ದನ್ನು ನೋಡುವುದು, ಬೇರೆಯವರ ಪ್ರೋತ್ಸಾಹದ ಮಾತು, ನಮ್ಮ ದೇಹ ಮತ್ತು ಮನಸ್ಸಿನ ಸ್ಥಿತಿ. ಇವುಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಮೊದಲನೆಯದು. ನನ್ನ ವಿಡಿಯೊಗಳು ಯಾಕೆ ಮೂರನೇ ದಿನಕ್ಕೆ ಆರಿಹೋಗುತ್ತಿದ್ದವೆಂದು ಆಗ ತಿಳಿಯಿತು. ಅವು ಬೇರೆಯವರ ಮಾತು. ನಾನೇ ಬಿಡಿಸಿದ ಒಂದು ಲೆಕ್ಕಕ್ಕಿರುವ ಬಲ ಅದಕ್ಕಿರಲಿಲ್ಲ.

ಹಾರ್ವರ್ಡ್‌ನ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ಉದ್ಯೋಗಿಗಳಿಂದ ದಿನಚರಿ ಬರೆಸಿದರು. ಸುಮಾರು 12 ಸಾವಿರ ದಿನಗಳ ಬರಹ ಅವರ ಕೈಸೇರಿತು. ಅದನ್ನು ಆಧರಿಸಿ 2011ರಲ್ಲಿ ಅವರು ಪುಸ್ತಕವೊಂದನ್ನು ತಂದರು. ಮನಸ್ಸಿಗೆ ಹುರುಪು ತುಂಬುವ ಸಂಗತಿಗಳಲ್ಲಿ ಮೊದಲ ಸ್ಥಾನ ಸಿಕ್ಕಿದ್ದು, ತಮಗೆ ಅರ್ಥಪೂರ್ಣ ಎನಿಸಿದ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದದ್ದಕ್ಕೆ. ಆ ಹೆಜ್ಜೆ ಚಿಕ್ಕದಾದರೂ ಸರಿಯೇ. ಹಿನ್ನಡೆಯ ಏಟು ಮುನ್ನಡೆಯ ಖುಷಿಗಿಂತ ಜೋರಾಗಿರುತ್ತದೆ ಎಂದೂ ಅವರು ಕಂಡುಕೊಂಡರು. ಅಂದರೆ ಒಂದು ‘ಎಫ್’ ಕೊಟ್ಟ ನೋವನ್ನು ಒಂದು ಹಸಿರು ಮಾರ್ಕ್ ಅಳಿಸಲಾರದು. ಅದಕ್ಕೇ ಹಸಿರು ಮಾರ್ಕ್ ದಿನಾ ಬೇಕು.

ಇಷ್ಟೆಲ್ಲ ಓದಿದರೂ ನನಗೆ ಹೆಚ್ಚು ಹಿಡಿಸಿದ್ದು ನಮ್ಮ ರಾಹುಲ್ ದ್ರಾವಿಡ್ ಕತೆ. 2008ರ ಜನವರಿ, ಆಸ್ಟ್ರೇಲಿಯಾ ವಿರುದ್ಧದ ಸಿಡ್ನಿ ಟೆಸ್ಟ್. ನಾನಾಗ ಅಂಗನವಾಡಿಗೂ ಹೋಗದ ಕೂಸು, ಈ ಆಟ ನೋಡಿದ್ದು ಈಚೆಗೆ ಯೂಟ್ಯೂಬಿನಲ್ಲಿ. ದ್ರಾವಿಡ್ 18 ರನ್ ಗಳಿಸಿ ಅಲ್ಲೇ ನಿಂತುಬಿಟ್ಟರು. ಸುಮಾರು 40 ಎಸೆತ ಒಂದೂ ರನ್ ಇಲ್ಲ. ಕೊನೆಗೆ ಒಂದು ಸಿಂಗಲ್ ಓಡಿದರು. 18 ಹೋಗಿ 19 ಆಯಿತು. ಇಡೀ ಸ್ಟೇಡಿಯಂ ಶತಕವೇ ಬಂತೇನೋ ಎಂಬಂತೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲಿ ಗೇಲಿಯೂ ಇತ್ತು. ದ್ರಾವಿಡ್ ತಲೆ ತಗ್ಗಿಸಲಿಲ್ಲ, ಸಿಡಿಮಿಡಿಗೊಳ್ಳಲೂ ಇಲ್ಲ. ನಗುತ್ತ ಬ್ಯಾಟ್ ಎತ್ತಿ ತೋರಿಸಿದರು!

ಆ ಇನಿಂಗ್ಸ್‌ನಲ್ಲಿ ಅವರು ಅರ್ಧಶತಕ ದಾಟಿದರು. ಭಾರತ ಆ ಟೆಸ್ಟ್ ಸೋತಿತು. ಆದರೆ ಮುಂದಿನ ಪರ್ತ್ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ಅದೇ ದ್ರಾವಿಡ್ 93 ರನ್ ಹೊಡೆದರು, ಭಾರತ 72 ರನ್‌ಗಳಿಂದ ಗೆದ್ದಿತು. ನಾನು ಆ ಒಂದು ರನ್ನಿನ ಕ್ಲಿಪ್ಪನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬೇರೆಯವರು ನಗುವಷ್ಟು ಚಿಕ್ಕ ಗೆಲುವಿಗೆ ನಾವೇ ಬ್ಯಾಟ್ ಎತ್ತಬಹುದು ಎಂದು ಅದು ನನಗೆ ಹೇಳಿಕೊಟ್ಟಿತು.

ಅಪ್ಪನಿಗೆ ಹೇಳಿದ ದಿನ

ಪುಸ್ತಕದಲ್ಲಿ ಮಾರ್ಕ್‌ಗಳು ಹೆಚ್ಚಿದಂತೆ ಒಂದು ವಿಷಯ ಕೊರೆಯತೊಡಗಿತು. ರೂಮ್‌ಮೇಟ್‌ಗೆ ದಿನಾ ನಿಜ ಹೇಳುವ ನಾನು ಅಪ್ಪನಿಗೆ ಸುಳ್ಳು ಹೇಳುತ್ತಲೇ ಇದ್ದೆ. ಒಂದು ಭಾನುವಾರ ಊರಿಗೆ ಹೋದೆ. ಅಪ್ಪ ಹಿತ್ತಲಿನಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಸುಲಿದ ಕಾಯಿ ಎಣಿಸಿ ಇಡುತ್ತ, ಅವರ ಮುಖ ನೋಡದೆಯೇ ಹೇಳಿದೆ.

‘ಅಪ್ಪ, ಹೋದ ಸಲದ ಪರೀಕ್ಷೇಲಿ ಮೂರು ವಿಷಯ ಹೋಗಿದೆ.’

ಕಾಯಿ ಸುಲಿಯುವ ಸದ್ದು ನಿಂತಿತು.

‘ಯಾವಾಗ ಗೊತ್ತಾಯ್ತು?’

‘ಎರಡು ತಿಂಗಳಾಯ್ತು.’

‘ಎರಡು ತಿಂಗಳಿಂದ ಒಬ್ಬಳೇ ಇಟ್ಕಂಡಿದ್ಯಾ?’

ನನಗೆ ಮಾತು ಹೊರಡಲಿಲ್ಲ. ಅಪ್ಪ ಬೈಯುತ್ತಾರೆಂದು ಕಾದೆ. ಅವರು ಇನ್ನೊಂದು ಕಾಯಿ ಕೈಗೆತ್ತಿಕೊಂಡರು.

‘ಒಟ್ಟು ಎಷ್ಟಿದ್ವು?’

‘ಲ್ಯಾಬ್ ಎಲ್ಲ ಸೇರಿ ಒಂಬತ್ತು.’

‘ಹಂಗಾರೆ ಆರು ಪಾಸಾಗೈತಲ್ಲವ್ವ.’

ಆ ಆರನ್ನು ಎರಡು ತಿಂಗಳಲ್ಲಿ ನಾನು ಒಂದು ಸಲವೂ ಎಣಿಸಿರಲಿಲ್ಲ. ದಿನಾ ಪುಟ್ಟ ಗೆಲುವು ಬರೆದುಕೊಳ್ಳುವ ನನ್ನ ಕಣ್ಣಿಗೆ ಫಲಿತಾಂಶದ ಹಾಳೆಯಲ್ಲೇ ಇದ್ದ ಆರು ಗೆಲುವು ಬಿದ್ದಿರಲಿಲ್ಲ. ಲ್ಯಾಬಿನಲ್ಲಿ ‘ಏನೂ ವರ್ಕ್ ಆಗ್ತಿಲ್ಲ’ ಅಂದ ಹಾಗೆಯೇ ಅದು.

ಅಪ್ಪನಿಗೆ ಬೇಜಾರಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಅವರು ಹೆಚ್ಚು ಮಾತಾಡಲಿಲ್ಲ. ಮಲಗುವ ಮುಂಚೆ ಮಾತ್ರ, ‘ಮತ್ತೆ ಬರೆಯಕ್ಕೆ ಫೀಸು ಕಟ್ಟಬೇಕಲ್ಲ, ಕೊನೇ ದಿನ ಯಾವತ್ತು?’ ಅಂದರು. ಆ ದಿನದ ತಾರೀಖಿನ ಮುಂದೆ ನಾನು ಬರೆದದ್ದು ಎರಡೇ ಪದ: ‘ಅಪ್ಪನಿಗೆ ಹೇಳಿದೆ.’ ಇಡೀ ಪುಸ್ತಕದಲ್ಲಿ ನನಗೆ ಅತಿ ಕಷ್ಟದ ಲೆಕ್ಕ ಅದೇ.

ಇನ್ನೂ ಒಂದು ಉಳಿದಿದೆ

ಮಳೆಗಾಲದಲ್ಲಿ ಪರೀಕ್ಷೆ ಬರೆದೆ. ಗಣಿತ ಪಾಸಾಯಿತು. ಎಲೆಕ್ಟ್ರಾನಿಕ್ ಸರ್ಕ್ಯೂಟ್ಸ್ ಪಾಸಾಯಿತು. ನೆಟ್‌ವರ್ಕ್ ಅನಾಲಿಸಿಸ್ ಮತ್ತೆ ಹೋಯಿತು, ಕೆಲವೇ ಅಂಕಗಳಲ್ಲಿ. ಈ ಲೇಖನ ಎಲ್ಲ ಗೆದ್ದವಳ ಕತೆಯಲ್ಲ. ನಾನೀಗ ಐದನೇ ಸೆಮಿಸ್ಟರ್. ಮುಂದಿನ ವರ್ಷ ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್‌ಲಾಗ್ ಇರುವವರನ್ನು ಪರೀಕ್ಷೆಗೇ ಕೂರಿಸುವುದಿಲ್ಲ. ಹಾಗಾಗಿ ಉಳಿದ ಆ ಒಂದು ವಿಷಯದ ಮೇಲೆ ತುಂಬಾ ನಿಂತಿದೆ. ಭಯ ಇದೆ. ಆದರೆ ಮೊದಲ ಸಲದ ‘ಎಫ್’ಗೂ ಈ ಸಲದ ‘ಎಫ್’ಗೂ ವ್ಯತ್ಯಾಸವಿದೆ. ಮೊದಲ ಸಲ ನಾನು ಮೂಲೆ ಹಿಡಿದೆ. ಈ ಸಲ ಅಂದೇ ಸಂಜೆ ಅಪ್ಪನಿಗೆ ಫೋನ್ ಮಾಡಿ, ‘ಎರಡು ಆಯ್ತು, ಒಂದು ಉಳೀತು’ ಅಂದೆ. ರಾತ್ರಿ ಯಾವ ಮಾಡ್ಯೂಲಿನಲ್ಲಿ ಎಲ್ಲಿ ತಪ್ಪಿದೆ ಎಂದು ಪಟ್ಟಿ ಮಾಡಿದೆ. ಎರಡು ಕಡೆ ತಪ್ಪಿತ್ತು. ಎರಡೂ ಸರಿಮಾಡಬಹುದಾದವು.

ಕೆಲಸ ಹುಡುಕುತ್ತಿರುವ ಅಣ್ಣ–ಅಕ್ಕಂದಿರಿಗೂ ಇದು ಹೊಂದುತ್ತದೆ ಅನ್ನಿಸುತ್ತದೆ. ಇಂಟರ್‌ವ್ಯೂನಲ್ಲಿ ಆಯ್ಕೆಯಾಗುವುದು, ಕೆಪಿಎಸ್‌ಸಿ ಪಟ್ಟಿಯಲ್ಲಿ ಹೆಸರು ಬರುವುದು ಪೂರ್ತಿ ನಮ್ಮ ಕೈಲಿಲ್ಲ. ಅದನ್ನೊಂದನ್ನೇ ಗೆಲುವು ಎಂದು ಇಟ್ಟುಕೊಂಡರೆ ವರ್ಷವಿಡೀ ಸೋತವರಾಗಿಯೇ ಬದುಕಬೇಕಾಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಯ ಹತ್ತು ಪ್ರಶ್ನೆ ಬಿಡಿಸಿದ್ದು, ರೆಸ್ಯೂಮೆಯ ಎರಡು ಸಾಲು ತಿದ್ದಿದ್ದು, ಹೋದ ಸಲ ತಡವರಿಸಿದ ಪ್ರಶ್ನೆಗೆ ಈ ಸಲ ಕನ್ನಡಿ ಮುಂದೆ ನಿಂತು ಸರಿಯಾಗಿ ಉತ್ತರಿಸಿದ್ದು ನಮ್ಮ ಕೈಲಿವೆ. ಅವನ್ನು ಬರೆದುಕೊಳ್ಳಿ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಮನಸ್ಸು ತೀರಾ ಕುಗ್ಗಿ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ನೋಟ್‌ಬುಕ್ ಸಾಲದು. ಆಗ ಮನೆಯವರಿಗೋ ಮೇಷ್ಟ್ರಿಗೋ ಹೇಳಬೇಕು. 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಒಂದು ಕರೆಯೂ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ ಗೆಲುವೇ.

ಕೊಟ್ಟಿಗೆ ಮೇಲಿನ ಫ್ಲೆಕ್ಸ್ ಬಿಸಿಲಿಗೆ ಬಣ್ಣ ಕಳೆದುಕೊಂಡಿದೆ. ‘ಹೆಮ್ಮೆಯ’ ಎಂಬ ಪದದ ಅರ್ಧ ಹರಿದುಹೋಗಿದೆ. ಮೊದಲು ಅದನ್ನು ನೋಡಿದರೆ ನಾಚಿಕೆಯಾಗುತ್ತಿತ್ತು. ಈಗ ಅದರ ಕೆಳಗೆ ನಿಂತ ಹಸುವೇ ಮೊದಲು ಕಣ್ಣಿಗೆ ಬೀಳುತ್ತದೆ. ಕೆಂದಹಸು ಹುಷಾರಾಗಿದೆ. ಮೊದಲ ದಿನ ಒಂದು ಲೀಟರು, ಆಮೇಲೆ ಎರಡು, ಈಗ ನಾಲ್ಕರ ಹತ್ತಿರ ಬಂದಿದೆ.

ನನ್ನ ಪುಸ್ತಕದಲ್ಲಿ ಇವತ್ತಿಗೆ ‘ನೆಟ್‌ವರ್ಕ್ ಅನಾಲಿಸಿಸ್, ಮೂರನೇ ಮಾಡ್ಯೂಲ್, ಒಂದು ಲೆಕ್ಕ’ ಎಂದಿದೆ. ನಾಳೆ ಪುಸ್ತಕ ಮುಚ್ಚಿ ಮಾಡಿದ ಮೇಲೆ ಹಸಿರು ಮಾರ್ಕ್.

ನಿಮ್ಮ ಇವತ್ತಿನ ಹಾಲೆಷ್ಟು?